ಬೇಗೂರಿನ ಪರ್ವಾನ

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಬೇಗೂರಿನ ನೆಂಟರ ಮನೆಯಲ್ಲಿದ್ದೆವು. ಇಶಾ ನಮಾಜು ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಟ್ಯೂಬ್‌ಲೈಟಿಗೆ ಏನೋ ಪಟಪಟನೆ ಬಡಿದು ಗೋಡೆಗೆ ಅಂಟಿಕೊಂಡಿತು. ಅಂಗೈಗಿಂತ ಅಗಲವಾದ ಪತಂಗ. ಇಟ್ಟಿಗೆ ಬಣ್ಣ. ನಾಲ್ಕು ರೆಕ್ಕೆಗಳಲ್ಲೂ ಒಂದೊಂದು ದುಂಡನೆಯ ಕಣ್ಣು, ನಡುವೆ ಗಾಜು ಕೂರಿಸಿದಂತೆ ಪಾರದರ್ಶಕ. ಹುಡುಗನೊಬ್ಬ ಚಪ್ಪಲಿ ಎತ್ತಿಕೊಂಡ.

"ಹೊಡೀಬ್ಯಾಡ ಕಣಪ್ಪ, ಎಲಚಿ ಗಿಡದ್ದು ಅದು," ಎಂದರು ಪಕ್ಕದ ಮನೆಯ ಹಿರಿಯರು. ಆಡು ಮೇಯಿಸಿದವರು. ಎಲಚಿ ಕೊಂಬೆಯಲ್ಲಿ ತೊಟ್ಟು ಕಟ್ಟಿಕೊಂಡು ಸಣ್ಣ ಮೊಟ್ಟೆಯಂತೆ ತೂಗುವ ಗಟ್ಟಿ ಗೂಡನ್ನು ಎಷ್ಟೋ ಸಲ ಕಂಡವರು.

ಉರ್ದು ಶಾಲೆಯಲ್ಲಿ ಓದಿದ ನಮಗೆ ಪತಂಗವೆಂದರೆ ಪರ್ವಾನ, ಶಮಾದ ಸುತ್ತ ಸುತ್ತಿ ಸುಟ್ಟುಹೋಗುವ ಪ್ರೇಮಿ. ಗಜಲಿನ ಪರ್ವಾನಕ್ಕೆ ಬಣ್ಣವಿಲ್ಲ, ಊರಿಲ್ಲ, ತಿನ್ನುವ ಎಲೆಯಿಲ್ಲ. ನಮ್ಮ ಕಥೆಗಳಲ್ಲೂ ಎರಡು ಮೂರು ಕಡೆ ಅದನ್ನು ಸುಟ್ಟಿದ್ದೇವೆ. ಯಾವ ಜಾತಿಯದೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಬಸ್ಸಿನಲ್ಲಿ ಗಡ್ಡ ಕಂಡೊಡನೆ 'ಸಾಬರು' ಎಂದು ಮುಗಿಸಿಬಿಡುವವರ ಮೇಲೆ ನಮಗೆ ಸಿಟ್ಟು ಬರುತ್ತದೆ. ಬ್ಯಾರಿಗಳು, ನವಾಯತರು, ಪಿಂಜಾರರು, ದಖನಿ ಆಡುವವರು, ಎಷ್ಟು ಬಗೆ ನಮ್ಮಲ್ಲಿ! ಪತಂಗಕ್ಕೆ ನಾವು ಮಾಡಿದ್ದೂ ಅದನ್ನೇ.

ಗೋಡೆಯ ಮೇಲಿದ್ದದ್ದು ಟಸರ್ ರೇಷ್ಮೆಯ ಪತಂಗ, ಆಂಥೀರಿಯಾ ಕುಲದ್ದು. ಈ ಕುಲದ ಬಂಧುಗಳು ಏಷ್ಯಾದಿಂದ ಅಮೆರಿಕದವರೆಗೂ ಹರಡಿದ್ದಾರೆ. ಚೀನಾದಲ್ಲಿ ಓಕ್ ಎಲೆ ತಿನ್ನುವುದೊಂದು, ಜಪಾನಿನಲ್ಲಿ ಹಸಿರು ನೂಲು ಕೊಡುವುದು ಇನ್ನೊಂದು. ಅಸ್ಸಾಮಿನ ಹೊಂಬಣ್ಣದ ಮೂಗಾ ರೇಷ್ಮೆ ಕೊಡುವುದೂ ಇದೇ ಕುಲದ ಮತ್ತೊಂದು ಜಾತಿ; ಆ ರೇಷ್ಮೆಗೆ 2007ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಟಸರ್ ಒಂದೇ ಜಾತಿಯಾದರೂ ಕಾಡು ಬದಲಾದಂತೆ ಗೂಡಿನ ಗಾತ್ರ, ಬಣ್ಣ ಬದಲಾಗುತ್ತದೆ. ಬಸ್ತರಿನ ಸಾಲ್ ಕಾಡಿನದು 'ರೈಲಿ', ಒಡಿಶಾದ ಸಿಮ್ಲಿಪಾಲದ್ದು 'ಮೋಡಲ್'. ಇಂಥ 40ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಿದ್ದಾರೆ. ಹುಳು ಮತ್ತಿ ಎಲೆ ತಿನ್ನುತ್ತದೆ, ಸಾಲ್ ತಿನ್ನುತ್ತದೆ, ನಮ್ಮ ಕಡೆಯ ಎಲಚಿಯೂ ಆದೀತು.

"ಚಾಚಾ, ಇದು ಏನು ತಿನ್ನುತ್ತೆ?" ಎಂದ ಹುಡುಗ.

ಏನೂ ಇಲ್ಲ. ರೆಕ್ಕೆ ಬಂದ ಮೇಲೆ ಅದಕ್ಕೆ ತಿನ್ನುವ ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದದ್ದರಲ್ಲೇ ಕೆಲವು ದಿನ ಬದುಕಬೇಕು. ಗೂಡಿನಿಂದ ಹೊರಬರುವಾಗ ಒಂದು ರಸ ಸುರಿಸಿ ನೂಲನ್ನು ಸಡಿಲಿಸಿ ದಾರಿ ಮಾಡಿಕೊಳ್ಳುತ್ತದೆ. ಆಮೇಲೆ ಗಂಡಿಗೆ ಉಳಿದಿರುವ ಕೆಲಸ ಒಂದೇ: ಗರಿಯಂಥ ಮೀಸೆಗಳಿಂದ ಹೆಣ್ಣಿನ ವಾಸನೆ ಹಿಡಿದು ಹೋಗುವುದು.

ಹಾಗಾದರೆ ದೀಪದ ಮೋಹ? 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಶಾಯರಿಯ ಬುಡಕ್ಕೇ ನೀರು ಬಿಟ್ಟಿದೆ. ಹಾರುವ ಕೀಟಗಳು ಬೆಳಕಿನ ಕಡೆಗೆ ಬೆನ್ನು ಮಾಡುತ್ತವಂತೆ. ಇರುಳಲ್ಲೂ ಆಕಾಶವೇ ಹೆಚ್ಚು ಬೆಳಗಿರುವುದರಿಂದ ಮೇಲು ಕೆಳಗು ತಿಳಿಯಲು ಅವಕ್ಕೆ ಅದೇ ಆಧಾರ. ಪಕ್ಕದಲ್ಲೇ ದೀಪ ಉರಿದರೆ ಲೆಕ್ಕ ತಪ್ಪಿ ಅಲ್ಲೇ ಸುತ್ತುತ್ತವೆ. ಪ್ರೇಮವಲ್ಲ, ದಾರಿ ತಪ್ಪಿದ್ದು. ಇರುವ ಕೆಲವೇ ರಾತ್ರಿಗಳಲ್ಲಿ ಒಂದನ್ನು ಈ ಗಂಡು ನಮ್ಮ ಜಗಲಿಯಲ್ಲಿ ಕಳೆಯುತ್ತಿತ್ತು.

ಹುಡುಗನಿಗೆ ಲೈಟು ಆರಿಸಲು ಹೇಳಿದೆವು. ಚಪ್ಪಲಿ ಕೆಳಗಿಟ್ಟು ಹೋಗಿ ಆರಿಸಿದ. ಕತ್ತಲಲ್ಲಿ ಮೂವರೂ ಸುಮ್ಮನೆ ಕುಳಿತೆವು. ಬಹಳ ಹೊತ್ತಿನ ಮೇಲೆ ಗೋಡೆಯ ಕಡೆ ಒಂದು ಸಲ ಪಟಪಟ ಸದ್ದಾಯಿತು, ಆಮೇಲೆ ಬೇಲಿಯ ಕಡೆ.