ಹಿಂದಿನ ಸೀಟಿನವರಿಗೆ ಇಂಗ್ಲಿಷ್

ಮಕ್ಕಳನ್ನು ಗದರಿಸುವುದಕ್ಕೆ ಕನ್ನಡ ಸಾಲದೆಂಬ ಭ್ರಮೆ ಪಟ್ಟಣದ ಮನೆಗಳಲ್ಲಿ ಎಂದು ಬೇರೂರಿತೋ, ಕಾರಿನೊಳಗಂತೂ ಅದು ಚೆನ್ನಾಗಿ ಫಲಿಸಿದೆ. ಬೆಂಗಳೂರಿನ ಗೃಹಸ್ಥರು ಸಂಸಾರಸಮೇತರಾಗಿ ಮೈಸೂರಿಗೆ ಹೊರಟರೆ, ಕೆಂಗೇರಿ ದಾಟುವಷ್ಟರಲ್ಲಿ ‘ಡೋಂಟ್ ಡು ಗಲಾಟೆ’ ಎಂಬ ಅಪ್ಪಣೆ ಹೊರಟೇಬಿಡುತ್ತದೆ. ಕ್ರಿಯಾಪದ ಆಂಗ್ಲರದು, ಗಲಾಟೆ ಮಾತ್ರ ನಮ್ಮದೇ.

ಇಂಗ್ಲಿಷ್ ಮನೆಮಾತಾದವರು ಹೀಗೆನ್ನುವುದಿಲ್ಲ. ‘ಬಿಹೇವ್’ ಎಂದರೆ ಅವರಿಗೆ ಸಾಕು. ನಮ್ಮ ‘ವರ್ತಿಸು’ ಎಂಬುದಕ್ಕೆ ‘ಸರಿಯಾಗಿ’ ಎಂಬ ಊರುಗೋಲು ಬೇಕು. ಅವರ ಪದದೊಳಗೆ ಸನ್ನಡತೆಯೂ ಸೇರಿಕೊಂಡಿದೆ. ಇಲ್ಲಿಯ ತಾಯಿ ‘ಸಿಟ್ ಪ್ರಾಪರ್ಲಿ’ ಎನ್ನುವ ಕಡೆ ಅಲ್ಲಿಯವಳು ‘ಸಿಟ್ ಸ್ಟಿಲ್’ ಎನ್ನುತ್ತಾಳೆ. ಅಣ್ಣ ತಂಗಿಯ ಜಡೆ ಎಳೆದರೆ ‘ಕೀಪ್ ಯುವರ್ ಹ್ಯಾಂಡ್ಸ್ ಟು ಯುವರ್‌ಸೆಲ್ಫ್’. ಗದ್ದಲ ಅಡಗಬೇಕಾದರೆ ‘ಸೆಟಲ್ ಡೌನ್’. ಅಮೆರಿಕದಲ್ಲಿ ಕೆಲವು ವರ್ಷವಿದ್ದು ಮರಳಿದ ಸೊಸೆಯೊಬ್ಬಳು ಆರು ವರ್ಷದ ಮಗನ ಮೇಲೆ ಇದನ್ನು ಪ್ರಯೋಗಿಸಿದಾಗ ಅತ್ತೆಯವರು ಬೆರಗಾದರು: “ಈಗಲೇ ಸೆಟ್ಲ್ ಆಗು ಅಂತೀಯಲ್ಲಮ್ಮ, ಮೊದಲು ಅವನ ಓದು ಮುಗೀಲಿ!”

ಬೆದರಿಕೆಯಲ್ಲಿಯೂ ಭೇದವುಂಟು. ಅಮೆರಿಕದ ತಂದೆಯ ಕೊನೆಯ ಅಸ್ತ್ರ ‘ಡೋಂಟ್ ಮೇಕ್ ಮಿ ಟರ್ನ್ ದಿಸ್ ಕಾರ್ ಅರೌಂಡ್’; ಅಂದರೆ ಕಾರನ್ನು ಮನೆಗೆ ತಿರುಗಿಸಿಬಿಡುವೆನೆಂದು. ಹಾಗಾದರೆ ಅವನ ಪ್ರವಾಸವೂ ಕೆಟ್ಟಿತಲ್ಲ! ಎಲ್ಲರೂ ಒಟ್ಟಿಗೆ ಹೋಗುತ್ತಾರೆ, ಇಲ್ಲವೇ ಒಟ್ಟಿಗೆ ಹಿಂತಿರುಗುತ್ತಾರೆ. ನಮ್ಮಲ್ಲಿ ಸಿಟ್ಟು ನೆತ್ತಿಗೇರಿದೊಡನೆ ಇಂಗ್ಲಿಷ್ ಕಳಚಿಬಿದ್ದು, “ಇಲ್ಲೇ ಇಳಿಸಿ ಹೋಗಿಬಿಡ್ತೀನಿ, ನೋಡು” ಎಂಬುದು ಬರುತ್ತದೆ.

ಆ ಸೊಸೆಯ ಪತಿ ಚನ್ನಪಟ್ಟಣದ ಬಳಿ ಆಡಿದ್ದೂ ಅದನ್ನೇ. ಹುಡುಗ ಬೆಲ್ಟು ಬಿಚ್ಚಿ ಸೀಟಿನ ಮೇಲೆ ನಿಂತಿದ್ದ. ಹದಿನಾಲ್ಕು ತುಂಬದ ಮಕ್ಕಳಿಗೆ ಬೆಲ್ಟನ್ನೋ ಮಕ್ಕಳ ಸೀಟನ್ನೋ ಕಡ್ಡಾಯ ಮಾಡಿ, ತಪ್ಪಿದರೆ 1000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ವಿಧಿಸಿದೆ. ದಂಡಕ್ಕಿಂತ ಬ್ರೇಕಿನ ಭಯ ದೊಡ್ಡದು. ತಂದೆ ಗದರಿಸಿದ್ದು ನ್ಯಾಯವೇ. ಹುಡುಗ ಒಡನೆ ಕುಳಿತ, ಆಮೇಲೆ ಉಸಿರೆತ್ತಲಿಲ್ಲ. ಉಪಾಯ ಫಲಿಸಿತೆಂದು ದೊಡ್ಡವರು ಹಿಗ್ಗಿದರು.

ಮದ್ದೂರಿನಲ್ಲಿ ವಡೆಗಾಗಿ ಎಲ್ಲರೂ ಇಳಿದರು. ಹುಡುಗ ಮಾತ್ರ ಬೆಲ್ಟನ್ನು ಎರಡು ಕೈಯಲ್ಲಿ ಹಿಡಿದು, “ನಾನು ಇಳಿಯಲ್ಲ” ಎಂದ. ತಾಯಿ ಎರಡೂ ಭಾಷೆಗಳಲ್ಲಿ ಪುಸಲಾಯಿಸಿದಳು. ಮೊದಲು ಅರ್ಥವಾದದ್ದು ಅಜ್ಜಿಗೆ. “ಇಳಿದರೆ ಬಿಟ್ಟುಹೋಗ್ತೀರಿ ಅಂತ ಕೂತಿದೆ ಕಣೋ ಮಗು” ಎಂದರು. ತಂದೆಗೆ ಕ್ಷಣಹೊತ್ತು ಯಾವ ಭಾಷೆಯೂ ಒದಗಲಿಲ್ಲ. ಕಾರಿನ ಕೀಲಿಯನ್ನು ಮಗನ ಅಂಗೈಯಲ್ಲಿ ಇಟ್ಟರು. ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹುಡುಗ ಇಳಿದ. ವಡೆ ತಿನ್ನುವಾಗಲೂ ಕೀಲಿಯನ್ನು ಕೈಬಿಡಲಿಲ್ಲ.