ಅರ್ಧದ ಲೆಕ್ಕ

ಬದಿಯಡ್ಕ ಪರಿಸರದಲ್ಲಿ ಸ್ವಂತ ಚಿಕಿತ್ಸಾಲಯ ನಡೆಸುವ ದಂತವೈದ್ಯೆಯೊಬ್ಬರು ಮೂರು ವರ್ಷಗಳ ಕಾಲ ಆದಾಯ ತೆರಿಗೆಯ ರಿಟರ್ನನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಿದ್ದರು. 1961ರ ಅಧಿನಿಯಮದ 44ಎಡಿಎ ಕಲಮು ಅದಕ್ಕೆ ಅನುವು ಮಾಡಿಕೊಟ್ಟಿತ್ತು. ವರ್ಷದ ಒಟ್ಟು ವೃತ್ತಿ ಗಳಿಕೆ 50 ಲಕ್ಷ ರೂಪಾಯಿ ಮೀರದ ವೈದ್ಯರು, ವಕೀಲರು ಮೊದಲಾದವರು ಅದರ ಅರ್ಧವನ್ನು ಲಾಭವೆಂದು ಒಪ್ಪಿಕೊಂಡರೆ ಲೆಕ್ಕಪುಸ್ತಕವನ್ನು ತೋರಿಸಬೇಕಾಗಿಲ್ಲ. ಉಳಿದರ್ಧ ಖರ್ಚೆಂದು ಕಾನೂನೇ ಭಾವಿಸಿಕೊಳ್ಳುತ್ತದೆ. ಸೌಕರ್ಯವೇನೋ ನಿಜ, ಆದರೆ ಸೌಕರ್ಯಕ್ಕೂ ಬೆಲೆಯಿದೆ.

ಆ ಬೆಲೆ ತಿಳಿದದ್ದು 2023-24ರಲ್ಲಿ. ಆ ಮೇ ತಿಂಗಳಲ್ಲಿ ಅವರು ಬ್ಯಾಂಕ್ ಸಾಲದಿಂದ 8 ಲಕ್ಷ ರೂಪಾಯಿಗೆ ಹೊಸ ಕುರ್ಚಿಯನ್ನೂ ಎಕ್ಸ್‌ರೇ ಯಂತ್ರವನ್ನೂ ತಂದಿದ್ದರು. ವರ್ಷದ ಗಳಿಕೆ 18 ಲಕ್ಷ. ಅರ್ಧದ ಲೆಕ್ಕದಲ್ಲಿ ಲಾಭ 9 ಲಕ್ಷ, ಹೊಸ ತೆರಿಗೆ ಪದ್ಧತಿಯಂತೆ ತೆರಿಗೆ 46,800 ರೂಪಾಯಿ. ಕೈಯಲ್ಲಿ ಮಾತ್ರ ಅಷ್ಟು ಉಳಿದಿರಲಿಲ್ಲ. ಭಾವಿತ ಲಾಭದ ದಾರಿಯಲ್ಲಿ ಸಾಲದ ಬಡ್ಡಿಯನ್ನಾಗಲಿ ಯಂತ್ರದ ಸವಕಳಿಯನ್ನಾಗಲಿ ಬೇರೆಯಾಗಿ ಕಳೆಯುವಂತಿಲ್ಲ.

ಅವರನ್ನು ಉಳಿಸಿದ್ದು ಅಪ್ಪನ ಹಳೆಯ ಅಭ್ಯಾಸ. ನಿವೃತ್ತ ಕನ್ನಡ ಅಧ್ಯಾಪಕರಾದ ಅವರು ಮುಂಗೋಣೆಯಲ್ಲಿ ಕುಳಿತು ದಿನವೂ ಪುಸ್ತಕ ಬರೆಯುತ್ತಿದ್ದರು: ದಿನಾಂಕ, ಕ್ರಮಸಂಖ್ಯೆ, ರೋಗಿಯ ಹೆಸರು, ಮಾಡಿದ ಚಿಕಿತ್ಸೆ, ಪಡೆದ ಶುಲ್ಕ, ಪಡೆದ ದಿನ. ದಂತವೈದ್ಯರಿಗೂ ಅನ್ವಯಿಸುವ 3ಸಿ ನಮೂನೆಯಲ್ಲಿ ಕಾನೂನು ಕೇಳುವುದು ಇವನ್ನೇ ಎಂದು ಅವರಿಗೆ ಗೊತ್ತೂ ಇರಲಿಲ್ಲ. ಬಿಲ್ಲುಗಳನ್ನೆಲ್ಲ ತಂತಿಗೆ ಪೋಣಿಸಿ ಇಟ್ಟಿದ್ದರು. ಮಗಳು ಇದನ್ನು ಮುದುಕರ ಗೀಳೆಂದೇ ಎಣಿಸಿದ್ದರು.

ಪುಸ್ತಕ ಬಿಚ್ಚಿದಾಗ ಬಾಡಿಗೆ, ಇಬ್ಬರು ಸಹಾಯಕಿಯರ ಸಂಬಳ, ಸಾಮಗ್ರಿ, ಮಂಗಳೂರಿನ ಹಲ್ಲಿನ ಲ್ಯಾಬ್‌ನ ಬಿಲ್ಲು, ವಿದ್ಯುತ್ತು, ಪಂಚಾಯತಿಗೆ ಆರು ತಿಂಗಳಿಗೊಮ್ಮೆ ಕಟ್ಟುವ ವೃತ್ತಿ ತೆರಿಗೆ ಎಲ್ಲ ಸೇರಿ 10,82,000 ಆಯಿತು. ಸಾಲದ ಕಂತು ಪೂರ್ತಿಯಾಗಿ ಖರ್ಚಲ್ಲ, ಅಸಲು ಅಸಲೇ. ಬಡ್ಡಿ 70,000 ಮತ್ತು ಯಂತ್ರಗಳ ಮೇಲೆ ಶೇಕಡಾ 15ರ ಸವಕಳಿ 1,20,000 ಮಾತ್ರ ಸಲ್ಲುತ್ತವೆ. ಕನ್ನಡ ಶಾಲೆಯ ಮಕ್ಕಳ ಸಾಲುಗಳಲ್ಲಿ ಅಪ್ಪ ‘ಶುಲ್ಕ ಇಲ್ಲ’ ಎಂದು ಬರೆದಿದ್ದರು. ಅದನ್ನು ಧರ್ಮದ ಖರ್ಚೆಂದು ತೋರಿಸಬಹುದೇ ಎಂದು ಮಗಳು ಕೇಳಿದರು. ಸಾಧ್ಯವಿಲ್ಲ. ಕೈಗೆ ಬಾರದ ಹಣ ಆದಾಯವೂ ಅಲ್ಲ, ಖರ್ಚೂ ಅಲ್ಲ. ಬಳಸಿದ ಸಾಮಗ್ರಿ ಮೊದಲೇ ಬಿಲ್ಲಿನಲ್ಲಿ ಸೇರಿತ್ತು.

ಒಂದು ಏಟು ಬಿದ್ದದ್ದು ನಗದಿನ ಮೇಲೆ. ಬಸ್ಸಿನಲ್ಲಿ ಹಲ್ಲಿನ ಸೆಟ್ಟು ತರುತ್ತಿದ್ದ ಹುಡುಗನ ಕೈಗೆ ನಾಲ್ಕು ಸಲ ತಲಾ 18,000 ರೂಪಾಯಿ ನೋಟುಗಳಾಗಿ ಕೊಟ್ಟಿದ್ದರು. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಕಾನೂನು ಒಪ್ಪುವುದಿಲ್ಲ. ಬಿಲ್ಲು ಸಾಚಾ ಆಗಿದ್ದರೂ ಆ 72,000 ಹೋಯಿತು. ಈ ನಿಯಮ ಕಠಿಣವೆನಿಸಬಹುದು. ಹಳ್ಳಿಯ ವೈದ್ಯರು ಹೆಚ್ಚಾಗಿ ಎಡವುವ ಕಲ್ಲೂ ಇದೇ.

ಆದರೂ ಲಾಭ 6 ಲಕ್ಷಕ್ಕೆ ನಿಂತಿತು. ಹೊಸ ಪದ್ಧತಿಯಲ್ಲಿ ಆ ವರ್ಷ 7 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇದ್ದುದರಿಂದ ತೆರಿಗೆ ಸೊನ್ನೆ. ಆದರೆ ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಿ, ಆದಾಯ ತೆರಿಗೆರಹಿತ ಮಿತಿಯನ್ನು ದಾಟಿದರೆ, ಲೆಕ್ಕಪರಿಶೋಧನೆ ಕಡ್ಡಾಯ. ಪರಿಶೋಧಕರ ಶುಲ್ಕವನ್ನು 46,800ರ ಪಕ್ಕದಲ್ಲಿಟ್ಟು ತೂಗಿ ನೋಡಿ ಅವರು ಪುಸ್ತಕದ ದಾರಿಯನ್ನೇ ಹಿಡಿದರು. ವ್ಯಾಪಾರಿಗಳಿಗಿರುವ ಐದು ವರ್ಷಗಳ ಕಟ್ಟು ವೃತ್ತಿಯವರಿಗಿಲ್ಲ. ಮುಂದಿನ ವರ್ಷ ಅರ್ಧದ ಲೆಕ್ಕಕ್ಕೆ ಮರಳಬಹುದು, ಮರಳದೆಯೂ ಇರಬಹುದು.

ಲ್ಯಾಬ್‌ಗೆ ಈಗ ಹಣ ಬ್ಯಾಂಕಿನ ಮೂಲಕವೇ ಹೋಗುತ್ತದೆ. ಆ ಹುಡುಗ ಸೆಟ್ಟು ಕೊಟ್ಟು, ಚಹಾ ಕುಡಿದು, ಅಪ್ಪನ ಪುಸ್ತಕದಲ್ಲಿ ಸಹಿ ಹಾಕಿ ಹೋಗುತ್ತಾನೆ.