ತಮ್ಮನ ಉಸಿರು

ಅಣ್ಣ, ಅತ್ತಿಗೆ, ಅಕ್ಕ, ನಾವು ಮೂವರೂ ಶಾರ್ಜಾದಲ್ಲಿ ದುಡಿಯುವವರು. ಇಲ್ಲಿ ಕೆಮ್ಮು ಬಂದರೆ ಧೂಳು ಎಂದು ಹೇಳಿ ಡ್ಯೂಟಿಗೆ ಹೋಗುವುದು ರೂಢಿ. ಡೆಟ್ರಾಯಿಟ್ ಬಳಿಯ ನೋವೈ ಊರಿನಲ್ಲಿರುವ ತಮ್ಮನಿಗೂ ಹಾಗೆಯೇ ಹೇಳಿದೆವು. ಫೋನಿನಲ್ಲಿ ಅವನ ಮಾತಿನ ನಡುವೆ ಸಣ್ಣ ಸೀಟಿಯಂಥ ಸದ್ದು ಕೇಳುತ್ತಿತ್ತು. "ಅಲ್ಲಿಯ ಚಳಿ, ಅಮ್ಮನ ಕಡೆಯ ಉಬ್ಬಸ ಬೇರೆ. ಶುಂಠಿ ಕಷಾಯ ಕುಡಿ" ಎಂದವರು ನಾವೇ. ಅಲ್ಲಿ ವೈದ್ಯರೂ ಅಸ್ತಮಾ ಎಂದು ಇನ್‌ಹೇಲರ್ ಕೊಟ್ಟಿದ್ದರು. ಎದೆಯ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಟು ತಿಂಗಳು ಹೀಗೇ ಹೋಯಿತು.

ಒಂದು ದಿನ ಕಫದಲ್ಲಿ ರಕ್ತ ಕಂಡಿತು. ಸಿಟಿ ಸ್ಕ್ಯಾನ್ ಮಾಡಿದರೆ ಶ್ವಾಸನಾಳದೊಳಗೇ ಗೆಡ್ಡೆ. ಹೊಸ ವೈದ್ಯೆ ಅವನ ಉಸಿರನ್ನು ಕೇಳಿಯೇ ಅನುಮಾನಪಟ್ಟಿದ್ದರಂತೆ: ಅಸ್ತಮಾದ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ, ಇವನದು ಎಳೆಯುವಾಗ ಬರುತ್ತಿತ್ತು. ನಾಳ ಅರ್ಧಕ್ಕಿಂತ ಹೆಚ್ಚು ಮುಚ್ಚುವವರೆಗೆ ರೋಗಿಗೇ ಅಷ್ಟಾಗಿ ತಿಳಿಯುವುದಿಲ್ಲ. ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ಇನ್‌ಹೇಲರ್ ಹಿಡಿದು ತಿಂಗಳುಗಳಾದರೂ ಗುಣವಾಗದಿದ್ದರೆ, ಧೂಳನ್ನು ಬೈಯುತ್ತ ಕೂರದೆ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಬ್ರಾಂಕೋಸ್ಕೋಪಿ ಮಾಡಿ ಚೂರು ತೆಗೆದರು. ನಮ್ಮ ಶ್ವಾಸನಾಳದ ಮುಂಭಾಗದಲ್ಲಿ ಕುದುರೆಲಾಳದಂಥ ಮೃದ್ವಸ್ಥಿ, ಬೆನ್ನ ಕಡೆ ನಯ ಸ್ನಾಯುವಿನ ಪೊರೆ ಇರುತ್ತದೆ. ಆ ಸ್ನಾಯುವಿನಿಂದ ಹುಟ್ಟಿದ ಕ್ಯಾನ್ಸರ್ ಇದು, ಲಿಯೋಮಯೋಸಾರ್ಕೋಮಾ. ಗರ್ಭಕೋಶದಲ್ಲಿ, ಹೊಟ್ಟೆಯಲ್ಲಿ ಬರುವುದುಂಟು, ಶ್ವಾಸನಾಳದಲ್ಲಿ ಬಹಳ ಅಪರೂಪ. ಕದಿರಿನಾಕಾರದ ಕೋಶಗಳು ಕಂಡವು. ಡೆಸ್ಮಿನ್, ಆಕ್ಟಿನ್ ಎಂಬ ಪ್ರೋಟೀನುಗಳ ಪರೀಕ್ಷೆಯ ನಂತರ ಹೆಸರು ಖಚಿತವಾಯಿತು. ಆ ಹೆಸರನ್ನು ಸರಿಯಾಗಿ ಹೇಳಲು ನಮಗೆ ಎರಡು ದಿನ ಬೇಕಾಯಿತು. ಅಮ್ಮನಿಗೆ "ಗಂಟಲಿನ ಸಣ್ಣ ಆಪರೇಷನ್" ಎಂದಷ್ಟೇ ಹೇಳಿದೆವು.

ಶಸ್ತ್ರಚಿಕಿತ್ಸೆ ಶಿಕಾಗೋದಲ್ಲಿ ಎಂದಾಗ ಅಕ್ಕ ಮೌನವಾದಳು. ಎ. ಕೆ. ರಾಮಾನುಜನ್ 1993ರಲ್ಲಿ ಅಲ್ಲೇ, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ ತೀರಿಕೊಂಡಿದ್ದರು. ಅವಳು ಆ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಹೋಗೋಣವೆಂದರೆ ಅಮೆರಿಕದ ವೀಸಾ ಸಂದರ್ಶನಕ್ಕೆ ದಿನಾಂಕವೇ ಸಿಗಲಿಲ್ಲ. ಅಲ್ಲಿನ ಕನ್ನಡ ಕೂಟದಲ್ಲಿ ಪರಿಚಯವಾಗಿದ್ದ ಗೆಳೆಯನೊಬ್ಬ ರಜೆ ಹಾಕಿ, ಹಿಮದಲ್ಲಿ ಸುಮಾರು 450 ಕಿಲೋಮೀಟರ್ ಕಾರು ಓಡಿಸಿಕೊಂಡು ಅವನನ್ನು ಕರೆದೊಯ್ದ. ಒಡಹುಟ್ಟಿದವರು ಮಾಡಬೇಕಾದ ಕೆಲಸ ಅದು.

ಅಲ್ಲಿ ಬೆಳಿಗ್ಗೆ ಏಳು, ಇಲ್ಲಿ ಸಂಜೆ ಐದು. ರಾತ್ರಿ ಹತ್ತೂವರೆಗೆ ಸುದ್ದಿ ಬಂತು: ಗೆಡ್ಡೆಯಿದ್ದ ಮೂರು ಸೆಂಟಿಮೀಟರ್ ನಾಳ ಕತ್ತರಿಸಿ, ಎರಡು ತುದಿಗಳನ್ನು ಸೇರಿಸಿ ಹೊಲಿದಿದ್ದಾರೆ. ಈ ಕ್ಯಾನ್ಸರಿಗೆ ಮುಖ್ಯ ಚಿಕಿತ್ಸೆ ಇದೇ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದ್ದರೆ ವಿಕಿರಣ ಕೊಡಬೇಕಾಗುತ್ತಿತ್ತು. ವಾರದ ನಂತರ ಬಂದ ವರದಿಯಲ್ಲಿ ಅಂಚು ಶುದ್ಧವಾಗಿತ್ತು.

ಹೊಲಿಗೆ ಎಳೆಯದಿರಲೆಂದು ಆ ವಾರವಿಡೀ ಗಲ್ಲವನ್ನು ಎದೆಗೆ ದಾರದಿಂದ ಕಟ್ಟಿಟ್ಟಿದ್ದರು. ವೀಡಿಯೋದಲ್ಲಿ ಮದುಮಗಳಂತೆ ತಲೆ ತಗ್ಗಿಸಿ ಕೂತಿದ್ದ. ಅತ್ತಿಗೆ ನಗಲು ಹೋಗಿ ಅತ್ತುಬಿಟ್ಟಳು.

ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ನಡೆಯುತ್ತಿದೆ. ಈಗ ಅವನ ಫೋನ್ ಬಂದರೆ ನಾವು ಮೊದಲು ಮಾತಾಡುವುದಿಲ್ಲ, ಸುಮ್ಮನೆ ಕಿವಿಗೊಡುತ್ತೇವೆ. "ಕೇಳಿಸಿಕೊಂಡದ್ದು ಆಯ್ತಾ? ಇನ್ನು ಮಾತಾಡ್ಲಾ?" ಎನ್ನುತ್ತಾನೆ.